ಆಕ್ಸಿಮೀಟರ್ 99 ಅಂತಿದೆ, ರೋಗಿ ಮಾತ್ರ ಕುಸಿಯುತ್ತಿದ್ದಾರೆ: ಸಯನೈಡ್ ವಿಷ ಪತ್ತೆ ಮಾಡಿ ಪ್ರತಿವಿಷ ಕೊಡುವ ಕೈಪಿಡಿ

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ, ಆಗಸ್ಟ್ ಹೊತ್ತಿನ) ಮಳೆ. ರಾತ್ರಿ ಹತ್ತು ದಾಟಿತ್ತು. ತೋಟದ ಜೀಪಿನಲ್ಲಿ ಒಬ್ಬರನ್ನು ಕರೆತಂದರು. ವಯಸ್ಸು ನಲವತ್ತರ ಆಸುಪಾಸು. ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಚಳಿಗೆ ಕೆಂಡ ಇಟ್ಟುಕೊಂಡು ಮಲಗಿದ್ದರಂತೆ. ಕಿಡಿ ಹಾರಿ ಫೋಮ್ ಹಾಸಿಗೆಗೆ ಹತ್ತಿಕೊಂಡಿದೆ. ಬೆಂಕಿ ದೊಡ್ಡದಾಗಲಿಲ್ಲ, ಮೈ ಸುಟ್ಟಿರಲಿಲ್ಲ. ಬಾಗಿಲು ಒಡೆದು ಎಳೆದು ತಂದವರು, 'ಕುಡಿದು ಮಲಗಿದ್ರು ಡಾಕ್ಟ್ರೇ, ಎದ್ದೇಳ್ತಾ ಇಲ್ಲ' ಅಂದರು. ಸಿಸ್ಟರ್ ಬೆರಳಿಗೆ ಆಕ್ಸಿಮೀಟರ್ ಹಾಕಿದರು. 99.

ಆ 99 ನೋಡಿ ನಾವು ಇಪ್ಪತ್ತು ನಿಮಿಷ ಕಳೆದೆವು. ಉಸಿರಾಟ ಜೋರಾಗಿತ್ತು, ನಾಡಿ ಓಡುತ್ತಿತ್ತು, ಬಿಪಿ 80ಕ್ಕೆ ಇಳಿದಿತ್ತು. ಆಮೇಲೆ ಫಿಟ್ಸ್ ಬಂತು. ಬಾಯಿ ತೆರೆಸಿ ಟಾರ್ಚ್ ಹಾಕಿದಾಗ ನಾಲಿಗೆಯ ಹಿಂದೆ ಮಸಿ ಕಂಡಿತು. ಮೂಗಿನ ಹೊಳ್ಳೆಯಲ್ಲೂ ಮಸಿ. ರಕ್ತ ತೆಗೆಯಲು ಕೈಯ ವೇನ್‌ಗೆ ಸೂಜಿ ಹಾಕಿದ ಸಿಸ್ಟರ್, 'ಡಾಕ್ಟ್ರೇ, ಆರ್ಟರಿಗೆ ಹೋಯ್ತಾ ಅಂತ ಅನುಮಾನ, ಇಷ್ಟು ಕೆಂಪಗಿದೆ' ಅಂದರು. ಸೂಜಿ ಸರಿಯಾಗಿ ವೇನ್‌ನಲ್ಲೇ ಇತ್ತು. ಆರ್ಟರಿಯ ರಕ್ತ ಕೆಂಪು, ವೇನ್‌ನದು ಕಪ್ಪಗಿರಬೇಕು. ಕೆಂಪಾಗಬಾರದ ರಕ್ತ ಕೆಂಪಾಗಿತ್ತು. ಅಲ್ಲಿಂದ ದಾರಿ ಕಂಡಿತು.

ಈ ಬರಹ ನಮ್ಮ ಹಾಗೆ ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟರು, ಸಿಸ್ಟರುಗಳಿಗೆ. ಮಧ್ಯೆ ಮನೆಯವರಿಗೂ ಸ್ವಲ್ಪ ಇದೆ, ಅಡುಗೆಮನೆಯ ಮಾತು ಬಂದಾಗ ಅದನ್ನು ಹೇಳುತ್ತೇನೆ. ಸಯನೈಡ್ ಅಂದ ಕೂಡಲೇ ಪತ್ತೇದಾರಿ ಕಥೆ ನೆನಪಾಗುತ್ತದೆ, ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಸಂಬಂಧ ಇದೆ. ಹೊಗೆಯಲ್ಲಿದೆ, ಕಣಿಲೆಯಲ್ಲಿದೆ (ಎಳೆ ಬಿದಿರಿನ ಮೊಳಕೆ), ಮರಗೆಣಸಿನಲ್ಲಿದೆ.

ದೋಷ ಎಲ್ಲಿದೆ?

ಮಳೆಗಾಲದಲ್ಲಿ ಕರೆಂಟು ಹೋದಾಗ ಲೈನ್‌ಮನ್ ಮೊದಲು ಏನು ಕೇಳುತ್ತಾರೆ? 'ಕಂಬದವರೆಗೆ ಬಂದಿದೆಯಾ?' ಸಯನೈಡ್ ವಿಷದಲ್ಲಿ ಕಂಬದವರೆಗೆ ಕರೆಂಟು ಬಂದಿರುತ್ತದೆ. ಶ್ವಾಸಕೋಶ ಆಕ್ಸಿಜನ್ ತೆಗೆದುಕೊಳ್ಳುತ್ತದೆ, ರಕ್ತ ಅದನ್ನು ಹೊತ್ತು ತರುತ್ತದೆ, ಜೀವಕೋಶದ ಬಾಗಿಲವರೆಗೂ ಮುಟ್ಟಿಸುತ್ತದೆ. ಒಳಗೆ ಅದನ್ನು ಬಳಸುವ ಯಂತ್ರವೇ ನಿಂತಿರುತ್ತದೆ. ಆ ಯಂತ್ರದ ಹೆಸರು ಸೈಟೋಕ್ರೋಮ್ ಆಕ್ಸಿಡೇಸ್. ಅದರಲ್ಲಿರುವ ಕಬ್ಬಿಣಕ್ಕೆ ಸಯನೈಡ್ ಅಂಟಿಕೊಳ್ಳುತ್ತದೆ. ಆಕ್ಸಿಜನ್ ಬಳಕೆಯಾಗದೆ ರಕ್ತದಲ್ಲೇ ವಾಪಸ್ ಬರುತ್ತದೆ. ಅದಕ್ಕೇ ವೇನ್ ರಕ್ತವೂ ಕೆಂಪು, ಅದಕ್ಕೇ ಆಕ್ಸಿಮೀಟರ್ ಚೆನ್ನಾಗಿ ಓದುತ್ತದೆ. ಆಕ್ಸಿಮೀಟರ್ ರಕ್ತದ ಲೆಕ್ಕ ಹೇಳುತ್ತದೆ, ಜೀವಕೋಶದ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಆಕ್ಸಿಜನ್ ಇಲ್ಲದೆ ನಡೆಯುವಾಗ ಜೀವಕೋಶಗಳು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ರಕ್ತ ಹುಳಿಯಾಗುತ್ತದೆ. ಉಸಿರು ಜೋರಾಗುವುದಕ್ಕೆ ಅದೂ ಒಂದು ಕಾರಣ. ಮಿದುಳು ಮತ್ತು ಹೃದಯಕ್ಕೆ ಆಕ್ಸಿಜನ್ ಎಲ್ಲಕ್ಕಿಂತ ಜಾಸ್ತಿ ಬೇಕು, ಮೊದಲು ಸೋಲುವುದೂ ಅವೇ. ತಲೆನೋವು, ತಲೆಸುತ್ತು, ಗಾಬರಿ, ವಾಂತಿ, ಏದುಸಿರು. ಆಮೇಲೆ ಎಚ್ಚರ ತಪ್ಪುವುದು, ಫಿಟ್ಸ್, ಬಿಪಿ ಬೀಳುವುದು, ನಾಡಿ ನಿಧಾನವಾಗುವುದು, ಉಸಿರು ನಿಲ್ಲುವುದು. ಗಾಳಿಯಲ್ಲಿ ಒಳಗೆ ಹೋದರೆ ಇದೆಲ್ಲ ನಿಮಿಷಗಳ ಆಟ. ಆಹಾರದಿಂದ ಬಂದರೆ ಗಂಟೆಗಳು ಹಿಡಿಯಬಹುದು, ಯಾಕೆಂದರೆ ಗಿಡದಲ್ಲಿರುವುದು ನೇರ ಸಯನೈಡ್ ಅಲ್ಲ. ಸಕ್ಕರೆ ಜೊತೆ ಕಟ್ಟಿಕೊಂಡಿರುವ ರೂಪ ಅದು. ಹೊಟ್ಟೆಯೊಳಗೆ ಒಡೆದ ಮೇಲೆ ಬಿಡುಗಡೆಯಾಗುತ್ತದೆ.

ಮುಟ್ಟುವ ಮೊದಲು

ಹೊಗೆ ತುಂಬಿದ ಕೋಣೆಗೆ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ನುಗ್ಗಬೇಡಿ. ಒದ್ದೆ ಬಟ್ಟೆ ಮಸಿ ತಡೆಯಬಹುದು, ಅನಿಲ ತಡೆಯುವುದಿಲ್ಲ. ಬಾಗಿಲು, ಕಿಟಕಿ ಒಡೆಯಿರಿ, ಗಾಳಿ ಬಿಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಬಳಸಿ. ಬಟ್ಟೆ ತೆಗೆದು ಹೊರಗಿಡಿ, ಮೈಗೆ ಏನಾದರೂ ಚೆಲ್ಲಿದ್ದರೆ ನೀರು, ಸೋಪಿನಲ್ಲಿ ತೊಳೆಯಿರಿ. ನುಂಗಿದ ಕೇಸಾದರೆ ವಾಂತಿ ಮಾಡಿಸಬೇಡಿ, ತಾನಾಗಿ ಆದ ವಾಂತಿಯನ್ನು ಗ್ಲೌಸ್ ಹಾಕಿ, ಕಿಟಕಿ ತೆರೆದು ತೆಗೆಯಿರಿ. ನುಂಗಿ ಒಂದು ಗಂಟೆಯೊಳಗಾಗಿದ್ದು, ರೋಗಿ ಎಚ್ಚರವಿದ್ದರೆ ಅಥವಾ ಟ್ಯೂಬ್ ಹಾಕಿ ಉಸಿರುದಾರಿ ಭದ್ರ ಮಾಡಿದ್ದರೆ ಆಕ್ಟಿವೇಟೆಡ್ ಚಾರ್ಕೋಲ್ ಕೊಡಬಹುದು.

ನಂತರ ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್. ಆಕ್ಸಿಮೀಟರ್ 99 ಇದ್ದರೂ ಕೊಡಿ. '99 ಇದೆಯಲ್ಲ, ಯಾಕೆ ಸುಮ್ನೆ ಸಿಲಿಂಡರ್ ಖಾಲಿ ಮಾಡೋದು' ಅಂತ ಯಾರಾದರೂ ಕೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆಕ್ಸಿಜನ್ ಪ್ರತಿವಿಷದ ಕೆಲಸಕ್ಕೆ ಕೈ ಜೋಡಿಸುತ್ತದೆ. ಹೊಗೆ ಕೇಸಿನಲ್ಲಿ ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್‌ಗೂ ಅದೇ ಮದ್ದು.

ಎಲ್ಲಿಂದ ಬಂತು ಅಂತ ಕೇಳುವ ಪ್ರಶ್ನೆಗಳು

ಏನು ಸುಟ್ಟಿತು? ಇದನ್ನು ಕರೆತಂದವರನ್ನು ನಿಲ್ಲಿಸಿ ಕೇಳಿ. ಬರೀ ಸೌದೆ, ಹತ್ತಿ ಬಟ್ಟೆ ಸುಟ್ಟರೆ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್. ಸುಟ್ಟ ವಸ್ತುವಿನಲ್ಲಿ ನೈಟ್ರೋಜನ್ ಇದ್ದರೆ ಸಯನೈಡ್ ಹುಟ್ಟುತ್ತದೆ. ಫೋಮ್ ಹಾಸಿಗೆ, ಸೋಫಾ, ನೈಲಾನ್ ಹಗ್ಗ, ರೇಷ್ಮೆ ಸೀರೆ, ಉಣ್ಣೆ ಸ್ವೆಟರ್. ನಮ್ಮ ಕಡೆ ಮಳೆಗಾಲದಲ್ಲಿ ಹೊದೆಯುವ ಕಂಬಳಿಯೂ ಉಣ್ಣೆಯದೇ ಅಲ್ವಾ? ಒಲೆ ಮೇಲಿನ ಅಟ್ಟದಲ್ಲಿ ಒಣಗಲು ಹಾಕಿದ ಕಂಬಳಿಗೆ ಬೆಂಕಿ ಬಿದ್ದರೆ ಆ ಹೊಗೆ ಬರೀ ಹೊಗೆಯಲ್ಲ.

ಏನು ತಿಂದರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಶ್ನೆ ಬಿಡಲೇಬೇಡಿ. ಕೊಡವರು ಬೈಂಬಳೆ ಅನ್ನುವ, ಮಲೆನಾಡಿನವರು ಕಳಲೆ ಅನ್ನುವ ಕಣಿಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಸಯನೈಡ್ ಕಟ್ಟು ಇದೆ. ಕೊಡಗಿನ ಹಳಬರಿಗೆ ಈ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಮ್ಮ ಪಕ್ಕದ ಮನೆಯ ಅವ್ವ ಕಣಿಲೆ ಹೆಚ್ಚುವುದನ್ನು ನೋಡಿದ್ದೇನೆ. ಹೊರಸಿಪ್ಪೆ ಒಂದೊಂದೇ ಬಿಚ್ಚಿ, ಒಳಗಿನ ಬಿಳಿ ಭಾಗವನ್ನು ತೆಳ್ಳಗೆ ಬಿಲ್ಲೆ ಮಾಡುತ್ತಾರೆ. ಹೆಚ್ಚಿದ್ದನ್ನು ನೀರಿಗೆ ಹಾಕಿ, ದಿನಾ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿ, ಮೂರು ದಿನ ಇಡುತ್ತಾರೆ. ಪಾತ್ರೆ ಹತ್ತಿರ ಹೋದರೆ ಹುಳಿ ವಾಸನೆ. ನಾಲ್ಕನೇ ದಿನ ಬೇಯಿಸಿ, ಆ ನೀರನ್ನೂ ಬಸಿದು ಚೆಲ್ಲಿ, ಆಮೇಲೆ ಮಸಾಲೆ.

ಪ್ರತಿ ಹೆಜ್ಜೆಗೂ ಅರ್ಥ ಇದೆ. ತೆಳ್ಳಗೆ ಹೆಚ್ಚಿದಾಗ ಕೋಶಗಳು ಒಡೆದು, ಗಿಡದ್ದೇ ಕಿಣ್ವ ಟ್ಯಾಕ್ಸಿಫಿಲಿನ್ ಅನ್ನು ಒಡೆಯುತ್ತದೆ. ಬಿಡುಗಡೆಯಾದದ್ದು ನೀರಿಗೆ ಇಳಿಯುತ್ತದೆ, ನೀರಿನ ಜೊತೆ ಹೊರಗೆ ಹೋಗುತ್ತದೆ. ಹೈಡ್ರೋಜನ್ ಸಯನೈಡ್ ಕುದಿಯುವುದು ಸುಮಾರು 26 ಡಿಗ್ರಿಯಲ್ಲಿ. ಮಡಿಕೇರಿಯ ಮಳೆಗಾಲದ ಮಧ್ಯಾಹ್ನಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ, ಅಷ್ಟೇ. ಹಾಗಾಗಿ ಮುಚ್ಚಳ ತೆಗೆದು ಕುದಿಸಿದರೆ ಹಾರಿ ಹೋಗುತ್ತದೆ. 98 ಡಿಗ್ರಿಯಲ್ಲಿ 20 ನಿಮಿಷ ಕುದಿಸಿದರೆ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಹೋಗುತ್ತದೆ, ಇನ್ನೂ ಹೊತ್ತು ಕುದಿಸಿದರೆ ಇನ್ನೂ ಜಾಸ್ತಿ. ತೊಂದರೆ ಬರುವುದು ಕ್ರಮ ತಪ್ಪಿದಾಗ: ಬೆಳಿಗ್ಗೆ ತಂದು ಮಧ್ಯಾಹ್ನಕ್ಕೆ ಕುಕ್ಕರ್‌ನಲ್ಲಿ ಮುಚ್ಚಳ ಹಾಕಿ ಬೇಯಿಸಿ, ಆ ನೀರನ್ನೇ ಸಾರಿಗೆ ಬಿಟ್ಟಾಗ. ಹಸಿ ಚೂರು ಬಾಯಿಗೆ ಹಾಕಿಕೊಳ್ಳುವ ಮಕ್ಕಳ ಮೇಲೂ ಕಣ್ಣಿರಲಿ. ಕ್ರಮವಾಗಿ ಮಾಡಿದ ಕಣಿಲೆ ಬಗ್ಗೆ ಭಯ ಬೇಡ. ನಾನೂ ಪ್ರತಿ ಮಳೆಗಾಲ ತಿನ್ನುತ್ತೇನೆ, ಅಕ್ಕಿ ರೊಟ್ಟಿ ಜೊತೆ.

ಮರಗೆಣಸಿನಲ್ಲೂ ಇದೇ ಕಥೆ, ಹೆಸರು ಬೇರೆ, ಲಿನಾಮರಿನ್. ಸಿಪ್ಪೆಯಲ್ಲಿ ಜಾಸ್ತಿ, ಕಹಿ ಜಾತಿಯಲ್ಲಿ ಇನ್ನೂ ಜಾಸ್ತಿ. ಕುಟ್ಟ, ಮಾಕುಟ್ಟದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಸಿಪ್ಪೆ ತೆಗೆದು, ಕುದಿಸಿ, ನೀರು ಬಸಿಯುತ್ತಾರೆ. ಕ್ಯಾನ್ಸರ್‌ಗೆ ಒಳ್ಳೆಯದು ಅಂತ 'ವಿಟಮಿನ್ ಬಿ17' ಹೆಸರಿನಲ್ಲಿ ಸಿಗುವ ಮಾತ್ರೆ, ಕಹಿ ಏಪ್ರಿಕಾಟ್ ಬೀಜದ ಬಗ್ಗೆಯೂ ಕೇಳಿ. ಅದು ವಿಟಮಿನ್ ಅಲ್ಲವೇ ಅಲ್ಲ, ಅಮಿಗ್ಡಲಿನ್, ಹೊಟ್ಟೆಯಲ್ಲಿ ಒಡೆದು ಸಯನೈಡ್ ಕೊಡುತ್ತದೆ. ಮನೆಯವರು ನಾಚಿಕೆಯಿಂದ ಹೇಳದೇ ಇರಬಹುದು, ಮೆಲ್ಲಗೆ ಕೇಳಿ.

ಕೆಲಸ ಏನು? ಚಿನ್ನ, ಬೆಳ್ಳಿ ಲೇಪನ ಮಾಡುವವರಾ, ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಯಲ್ಲಿ ಇದ್ದಾರಾ? ಉತ್ತರ ಹೌದಾದರೆ ಬೇರೆ ಸಾಕ್ಷಿಗೆ ಕಾಯಬೇಡಿ.

ಹೋಲುವ ನಾಲ್ಕು ದೋಷಗಳು

ಇಲ್ಲಿ ತಪ್ಪುವುದು ಸುಲಭ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕೊಡಗಿನಲ್ಲಿ ಎಚ್ಚರ ತಪ್ಪಿ ಬಂದವರಲ್ಲಿ ಸಯನೈಡ್‌ಗಿಂತ ಇತರ ಕಾರಣಗಳೇ ಜಾಸ್ತಿ.

ಮೊದಲನೆಯದು ತೋಟಕ್ಕೆ ಹೊಡೆಯುವ ಕೀಟನಾಶಕ, ಆರ್ಗನೋಫಾಸ್ಫೇಟ್. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ, ಮಾಂಸಖಂಡ ಅಲ್ಲಲ್ಲಿ ಪಟಪಟ ಅದುರುವುದು. ಬೆಳ್ಳುಳ್ಳಿ ಅಥವಾ ಔಷಧಿಯ ವಾಸನೆ. ಮದ್ದು ಅಟ್ರೋಪಿನ್. ಸಯನೈಡ್‌ನಲ್ಲಿ ಪಾಪೆ ಸಾಮಾನ್ಯವಾಗಿ ಮಾಮೂಲಿ ಅಥವಾ ಅಗಲ, ಜೊಲ್ಲು, ಕಣ್ಣೀರು ಅಷ್ಟಿರುವುದಿಲ್ಲ. ಮೊದಲ ಮೂವತ್ತು ಸೆಕೆಂಡಿನಲ್ಲಿ ಟಾರ್ಚ್ ಹಾಕಿ ಪಾಪೆ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ, ಹೋಂಸ್ಟೇ ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ಒಂದೇ ಕೋಣೆಯಲ್ಲಿದ್ದ ಎಲ್ಲರಿಗೂ ತಲೆನೋವು, ವಾಂತಿ. ಇಲ್ಲೂ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ, ಮೊನಾಕ್ಸೈಡ್ ಹೊತ್ತ ರಕ್ತವನ್ನು ಆಕ್ಸಿಜನ್ ಹೊತ್ತ ರಕ್ತ ಅಂತಲೇ ಓದುತ್ತದೆ. ಹೊಗೆ ಕೇಸಿನಲ್ಲಿ ಎರಡೂ ವಿಷ ಒಟ್ಟಿಗೇ ಇರುತ್ತವೆ. ಬಿಪಿ ಬಿದ್ದಿದೆ, ಎಚ್ಚರ ಇಲ್ಲ, ಬಾಯಲ್ಲಿ ಮಸಿ ಇದೆ ಅಂದರೆ ಸಯನೈಡ್ ಇದೆ ಅಂತಲೇ ಹಿಡಿದು ಮುಂದೆ ಹೋಗಬೇಕು.

ಮೂರನೆಯದು ಹೈಡ್ರೋಜನ್ ಸಲ್ಫೈಡ್. ಗೋಬರ್ ಗ್ಯಾಸ್ ಗುಂಡಿ, ಹಂದಿ ಗೊಬ್ಬರದ ಗುಂಡಿ, ಕಾಫಿ ಪಲ್ಪರ್ ನೀರು ಕೊಳೆತು ನಿಂತ ಹೊಂಡ. ಒಬ್ಬರು ಇಳಿದು ಬಿದ್ದರು, ಎತ್ತಲು ಹೋದವರೂ ಬಿದ್ದರು ಅಂತ ಕೇಳಿದ ಕೂಡಲೇ ಇದನ್ನು ನೆನಪಿಸಿಕೊಳ್ಳಿ. ಕೆಡುವ ಯಂತ್ರ ಸಯನೈಡ್‌ನಲ್ಲಿ ಕೆಡುವಂಥದ್ದೇ. ಗುರುತು ಬೇಕಾ? ಮೈಮೇಲಿನ ಬೆಳ್ಳಿ ನೋಡಿ. ಕಾಲುಂಗುರ, ಉಡುದಾರ ಇದ್ದಕ್ಕಿದ್ದಂತೆ ಕಪ್ಪಾಗಿದ್ದರೆ ಸಲ್ಫೈಡ್.

ನಾಲ್ಕನೆಯದು ಮಾಮೂಲಿಯವು: ಸಕ್ಕರೆ ಇಳಿದದ್ದು, ಮೂರ್ಛೆರೋಗ, ಪಾರ್ಶ್ವವಾಯು, ಕುಡಿತ. ಗ್ಲೂಕೋಮೀಟರ್ ಹಾಕಲು ಮರೆಯಬೇಡಿ. ಕುಡಿತ ಅನ್ನುವುದನ್ನು ಕಡೆಗೆ ಇಟ್ಟುಕೊಳ್ಳಿ. ಕೂಲಿ ಮಾಡುವವರು ರಾತ್ರಿ ಬಂದರೆ ಆ ಮಾತು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ನಮ್ಮಲ್ಲೂ ಬಂತು. ಕುಡಿದವರ ಬಿಪಿ 80ಕ್ಕೆ ಇಳಿದು, ಉಸಿರು ನಿಮಿಷಕ್ಕೆ 36 ಆಗುವುದಕ್ಕೆ ಬೇರೆ ಕಾರಣ ಇರಲೇಬೇಕು.

ಸಯನೈಡ್‌ಗೆ ಇರುತ್ತದೆ ಅನ್ನುವ ಕಹಿ ಬಾದಾಮಿ ವಾಸನೆಯನ್ನು ನೆಚ್ಚಬೇಡಿ. ಆ ವಾಸನೆ ಹುಟ್ಟಿನಿಂದಲೇ ಗೊತ್ತಾಗದವರು ಬಹಳ ಜನ ಇದ್ದಾರೆ. ಮೂಗು ಹತ್ತಿರ ಒಯ್ದು ಪರೀಕ್ಷೆ ಮಾಡುವುದು ನಿಮಗೂ ಅಪಾಯ. ಮೈ ಕೆಂಪಗಿರಬೇಕು ಅಂತಲೂ ಕಾಯಬೇಡಿ, ಬಹಳ ರೋಗಿಗಳಲ್ಲಿ ಅದು ಕಾಣುವುದೇ ಇಲ್ಲ.

ಎರಡು ಸಿರಿಂಜ್

ಆರ್ಟರಿಯಿಂದ ಒಂದು ಸಿರಿಂಜ್, ವೇನ್‌ನಿಂದ ಒಂದು ಸಿರಿಂಜ್ ರಕ್ತ ತೆಗೆದು ಬಿಳಿ ಗಾಜ್ ಬಟ್ಟೆ ಮೇಲೆ ಪಕ್ಕಪಕ್ಕ ಇಡಿ. ಸಾಮಾನ್ಯವಾಗಿ ಒಂದು ಕೆಂಪು, ಇನ್ನೊಂದು ಕಪ್ಪು ಮಿಶ್ರಿತ ಕೆಂಪು. ಎರಡೂ ಒಂದೇ ಬಣ್ಣ ಇದ್ದರೆ ಜೀವಕೋಶ ಆಕ್ಸಿಜನ್ ಬಳಸುತ್ತಿಲ್ಲ ಅಂತ. ಯಂತ್ರ ಬೇಡ, ಟ್ಯೂಬ್‌ಲೈಟ್ ಬೆಳಕು ಸಾಕು. ಮೊನಾಕ್ಸೈಡ್‌ನಲ್ಲೂ ವೇನ್ ರಕ್ತ ಕೆಂಪಾಗಬಹುದು, ಹಾಗಾಗಿ ಇದನ್ನೇ ತೀರ್ಪು ಅಂದುಕೊಳ್ಳಬೇಡಿ. ಮಸಿ, ಬಿಪಿ, ಉಸಿರಿನ ಜೊತೆ ಸೇರಿಸಿ ಓದಿ.

ಬ್ಲಡ್ ಗ್ಯಾಸ್ ಯಂತ್ರ ಇದ್ದರೆ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲದ ಲೆಕ್ಕ ನೋಡಿ. ಆರೋಗ್ಯವಂತರಲ್ಲಿ ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ. ದೊಡ್ಡ ಸುಟ್ಟಗಾಯ ಇಲ್ಲದ ಹೊಗೆ ರೋಗಿಯಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಯನೈಡ್ ಅಂತಲೇ ನಡೆಯಿರಿ. ಹೊಗೆ ಇಲ್ಲದ ಕೇಸಿನಲ್ಲಿ 8 ದಾಟಿದರೂ ಅನುಮಾನ ಬಲವಾಗಬೇಕು. ಲ್ಯಾಕ್ಟೇಟ್ ಇಲ್ಲ, ಎಲೆಕ್ಟ್ರೋಲೈಟ್ ಮತ್ತು ಬೈಕಾರ್ಬೊನೇಟ್ ಮಾತ್ರ ಸಿಗುತ್ತದೆ ಅಂದರೆ ಅನಯಾನ್ ಗ್ಯಾಪ್ ಲೆಕ್ಕ ಹಾಕಿ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಎರಡನ್ನೂ ಕಳೆಯಿರಿ. 140ರಲ್ಲಿ 100 ಮತ್ತು 10 ಕಳೆದರೆ 30. ಹನ್ನೆರಡರ ಒಳಗೆ ಇರಬೇಕಾದದ್ದು 30 ಅಂದರೆ ರಕ್ತದಲ್ಲಿ ಹುಳಿ ತುಂಬಿದೆ.

ರಕ್ತದಲ್ಲಿ ಸಯನೈಡ್ ಎಷ್ಟಿದೆ ಅನ್ನುವ ಪರೀಕ್ಷೆಗೆ ಕಾಯಬೇಡಿ. ಅದರ ಉತ್ತರ ಬರುವ ಹೊತ್ತಿಗೆ ನಮ್ಮ ಕೆಲಸ ಮುಗಿದಿರುತ್ತದೆ. ಆದರೆ ಪ್ರತಿವಿಷ ಕೊಡುವ ಮೊದಲು ಒಂದು ಸ್ಯಾಂಪಲ್ ತೆಗೆದು ಬಿಗಿಯಾಗಿ ಮುಚ್ಚಿ ತಣ್ಣಗಿಡಿ. ಪೊಲೀಸರಿಗೆ ಹೋಗುವ ಎಂಎಲ್‌ಸಿ ವರದಿ ಬರೆಯುವಾಗ ಬೇಕಾಗುತ್ತದೆ.

ಕಪಾಟಿನಲ್ಲಿ ಏನಿದೆ, ಅದರಿಂದ ಏನು ಮಾಡಬಹುದು

ದೇಹಕ್ಕೇ ಸಯನೈಡ್ ತೆಗೆಯುವ ಒಂದು ದಾರಿ ಗೊತ್ತಿದೆ. ರೋಡನೇಸ್ ಅನ್ನುವ ಕಿಣ್ವ ಸಯನೈಡ್‌ಗೆ ಗಂಧಕ ಸೇರಿಸಿ ಥಯೋಸಯನೇಟ್ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ವಿಷ ಜಾಸ್ತಿಯಾದಾಗ ಕಿಣ್ವ ಸಾಲದೆ ಹೋಗುವುದಲ್ಲ, ಗಂಧಕ ಸಾಲದೆ ಹೋಗುವುದು. ಆ ಗಂಧಕ ಕೊಡುವ ಮದ್ದೇ ಸೋಡಿಯಂ ಥಯೋಸಲ್ಫೇಟ್. ಸಣ್ಣ ಆಸ್ಪತ್ರೆಗೆ ನಾನು ಮೊದಲು ಬೇಡುವುದು ಇದನ್ನೇ. ಅನುಮಾನ ಮಾತ್ರ ಇದ್ದಾಗಲೂ ಕೊಡಬಹುದು, ಸಯನೈಡ್ ಅಲ್ಲ ಅಂತ ಆಮೇಲೆ ಗೊತ್ತಾದರೂ ದೊಡ್ಡ ಹಾನಿ ಇಲ್ಲ. ವಾಂತಿ ಬರಬಹುದು, ಬೇಗ ಬಿಟ್ಟರೆ ಬಿಪಿ ಇಳಿಯಬಹುದು.

ದೊಡ್ಡವರಿಗೆ 12.5 ಗ್ರಾಂ, ಅಂದರೆ 25 ಶೇಕಡಾ ದ್ರಾವಣ 50 ಮಿಲೀ, ರಕ್ತನಾಳಕ್ಕೆ, 10ರಿಂದ 30 ನಿಮಿಷದಲ್ಲಿ. ಮಕ್ಕಳಿಗೆ ಕೆಜಿಗೆ 250 ಮಿಗ್ರಾಂ, ಅಂದರೆ ಅದೇ ದ್ರಾವಣ ಕೆಜಿಗೆ 1 ಮಿಲೀ, 50 ಮಿಲೀ ಮೀರಬಾರದು. ವೈಲ್ ಮೇಲಿನ ಅಳತೆ ಓದಿಯೇ ಲೆಕ್ಕ ಹಾಕಿ. 25 ಶೇಕಡಾದ 10 ಮಿಲೀ ವೈಲ್‌ನಲ್ಲಿ ಎರಡೂವರೆ ಗ್ರಾಂ, ಐದು ಬೇಕು. 10 ಶೇಕಡಾದ್ದಾದರೆ ಅದೇ 10 ಮಿಲೀಯಲ್ಲಿ ಒಂದೇ ಗ್ರಾಂ, ಹನ್ನೆರಡೂವರೆ ಬೇಕು. ರಾತ್ರಿ ಗಾಬರಿಯಲ್ಲಿ ಈ ಲೆಕ್ಕ ತಪ್ಪುತ್ತದೆ, ಮೊದಲೇ ಕಾಗದದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಫೋಟೋ ಸ್ಟುಡಿಯೋದವರ 'ಹೈಪೋ' ಕೂಡ ಇದೇ ರಾಸಾಯನಿಕ, ಆದರೆ ಅದು ಇಂಜೆಕ್ಷನ್‌ಗೆ ತಯಾರಾದದ್ದಲ್ಲ, ರಕ್ತನಾಳಕ್ಕೆ ಖಂಡಿತ ಬೇಡ.

ಥಯೋಸಲ್ಫೇಟ್‌ನ ಕೊರತೆ ಒಂದೇ, ನಿಧಾನ. ಅದಕ್ಕೇ ಜೊತೆಗೆ ಬೇಗ ಕೆಲಸ ಮಾಡುವ ಇನ್ನೊಂದನ್ನು ಕೊಡುವ ರೂಢಿ ಬಂತು. ಸೋಡಿಯಂ ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಸ್ವಲ್ಪವನ್ನು ಆಕ್ಸಿಜನ್ ಹೊರಲಾಗದ ಮೆಥಿಮೋಗ್ಲೋಬಿನ್ ಮಾಡುತ್ತದೆ. ಸಯನೈಡ್‌ಗೆ ಅದರ ಮೇಲೆ ಸೆಳೆತ ಜಾಸ್ತಿ, ಯಂತ್ರ ಬಿಟ್ಟು ಅದಕ್ಕೆ ಹೋಗಿ ಅಂಟುತ್ತದೆ. ಕೆ.ಕೆ. ಚೆನ್ ಮತ್ತು ಜೊತೆಗಾರರು ನೈಟ್ರೈಟ್, ಥಯೋಸಲ್ಫೇಟ್ ಜೋಡಿಯ ಕೆಲಸವನ್ನು 1933ರಲ್ಲಿ ತೋರಿಸಿದರು, ಇವತ್ತಿಗೂ ಅದೇ ನಡೆಯುತ್ತಿದೆ. ದೊಡ್ಡವರಿಗೆ 300 ಮಿಗ್ರಾಂ, 3 ಶೇಕಡಾ ದ್ರಾವಣ 10 ಮಿಲೀ, ನಿಧಾನವಾಗಿ ಸುಮಾರು ಐದು ನಿಮಿಷದಲ್ಲಿ. ಮಕ್ಕಳಿಗೆ ಕೆಜಿಗೆ 6 ಮಿಗ್ರಾಂ, ಅಂದರೆ 0.2 ಮಿಲೀ, 10 ಮಿಲೀ ಮೀರದಂತೆ. ಅದು ಮುಗಿದ ಕೂಡಲೇ ಥಯೋಸಲ್ಫೇಟ್. ರಕ್ತನಾಳ ಸಿಗುತ್ತಿಲ್ಲ, ಅಮೈಲ್ ನೈಟ್ರೈಟ್ ಆಂಪೂಲ್ ಇದೆ ಅಂದರೆ ಅದನ್ನು ಒಡೆದು ಮೂಗಿನ ಹತ್ತಿರ ನಿಮಿಷಕ್ಕೆ 15ರಿಂದ 30 ಸೆಕೆಂಡು ಹಿಡಿದು, ಮಧ್ಯೆ ಆಕ್ಸಿಜನ್ ಕೊಡುತ್ತಾ, ರಕ್ತನಾಳ ಸಿಗುವವರೆಗೆ ದೂಡಬಹುದು.

ಇನ್ನು ಎಚ್ಚರಿಕೆ, ಇದನ್ನು ಎರಡು ಸಲ ಓದಿ. ಹೊಗೆ ಕುಡಿದವರಿಗೆ ನೈಟ್ರೈಟ್ ಬೇಡ. ಅವರ ಹಿಮೋಗ್ಲೋಬಿನ್‌ನಲ್ಲಿ ಒಂದು ಪಾಲನ್ನು ಮೊನಾಕ್ಸೈಡ್ ಆಗಲೇ ಹಿಡಿದಿದೆ. ನಾವು ಇನ್ನೊಂದು ಪಾಲನ್ನು ಮೆಥಿಮೋಗ್ಲೋಬಿನ್ ಮಾಡಿದರೆ ಆಕ್ಸಿಜನ್ ಹೊರುವವರೇ ಉಳಿಯುವುದಿಲ್ಲ. ಅವರಿಗೆ ಆಕ್ಸಿಜನ್ ಮತ್ತು ಥಯೋಸಲ್ಫೇಟ್ ಮಾತ್ರ. ಆ ರಾತ್ರಿ ನಾವು ಕೊಟ್ಟದ್ದೂ ಅಷ್ಟೇ. ರಕ್ತ ತುಂಬ ಕಡಿಮೆ ಇರುವವರು, ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಕಿಣ್ವ) ಕೊರತೆ ಇರುವವರಲ್ಲೂ ನೈಟ್ರೈಟ್ ಅಪಾಯ. ಆದಿವಾಸಿ ಹಾಡಿಯಿಂದ ಬಂದವರಲ್ಲಿ ರಕ್ತಹೀನತೆ, ಸಿಕಲ್ ಸೆಲ್ ಇದೆಯಾ ಅಂತ ಕೇಳಿ, ಕೆಳಗಿನ ರೆಪ್ಪೆ ಎಳೆದು ನೋಡಿ, ಆಮೇಲೆ ತೀರ್ಮಾನಿಸಿ.

ಎಲ್ಲಕ್ಕಿಂತ ಒಳ್ಳೆಯದು ಹೈಡ್ರಾಕ್ಸೊಕೊಬಾಲಮಿನ್. ಬಿ12ರ ಒಂದು ರೂಪ. ಸಯನೈಡ್ ಹಿಡಿದುಕೊಂಡು ಸಯನೊಕೊಬಾಲಮಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಹಿಮೋಗ್ಲೋಬಿನ್‌ಗೆ ಕೈ ಹಾಕುವುದಿಲ್ಲ, ಹಾಗಾಗಿ ಹೊಗೆ ಕೇಸಿಗೆ ಇದೇ ಸರಿ. ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡವರಿಗೆ 5 ಗ್ರಾಂ 15 ನಿಮಿಷದಲ್ಲಿ, ಮಕ್ಕಳಿಗೆ ಕೆಜಿಗೆ 70 ಮಿಗ್ರಾಂ. ನಮ್ಮಂಥ ಆಸ್ಪತ್ರೆಯ ಕಪಾಟಿನಲ್ಲಿ ಇದು ಇರುವುದಿಲ್ಲ. ಒಮ್ಮೆ ತರಬೇತಿಯಲ್ಲಿದ್ದ ಹುಡುಗಿ ಕೇಳಿದಳು, 'ಬಿ12 ಇಂಜೆಕ್ಷನ್ ನಮ್ಮಲ್ಲಿದೆಯಲ್ಲ ಸರ್, ಅದನ್ನೇ ಕೊಡಬಹುದಾ?' ಒಳ್ಳೆಯ ಪ್ರಶ್ನೆ. ಕೈಕಾಲು ಜೋಮಿಗೆ ಕೊಡುವುದು ಮೀಥೈಲ್‌ಕೊಬಾಲಮಿನ್, ಅದು ಪ್ರತಿವಿಷವಲ್ಲ. ಸಯನೊಕೊಬಾಲಮಿನ್‌ನಲ್ಲಿ ಸಯನೈಡ್ ಕೂರುವ ಜಾಗ ಮೊದಲೇ ಭರ್ತಿ. ಹೈಡ್ರಾಕ್ಸೊಕೊಬಾಲಮಿನ್‌ನದೇ ಒಂದು ಮಿಗ್ರಾಂ ಆಂಪೂಲ್ ಸಿಕ್ಕರೂ 5 ಗ್ರಾಂ ಆಗಲು ಐದು ಸಾವಿರ ಆಂಪೂಲ್ ಒಡೆಯಬೇಕು.

ಪ್ರತಿವಿಷ ಕೊಟ್ಟ ಮೇಲೆ ಕಾಣುವ ತೊಡಕು

ನೈಟ್ರೈಟ್ ಹೋಗುತ್ತಿರುವಾಗ ಬಿಪಿ ಬಿದ್ದರೆ ವೇಗ ಕಡಿಮೆ ಮಾಡಿ, ಕಾಲು ಎತ್ತಿಡಿ, ಸಲೈನ್ ಬಿಡಿ, ಬೇಕಾದರೆ ಬಿಪಿ ಏರಿಸುವ ನಾರಡ್ರಿನಲಿನ್. ಆಕ್ಸಿಮೀಟರ್ 85ರ ಹತ್ತಿರ ಬಂದು ನಿಂತು, ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗಿದರೆ ಮೆಥಿಮೋಗ್ಲೋಬಿನ್ ಜಾಸ್ತಿಯಾಗಿದೆ ಅಂತ. ಎರಡನೇ ಡೋಸ್ ನೈಟ್ರೈಟ್ ನಿಲ್ಲಿಸಿ. ಅವಸರದಲ್ಲಿ ಮೆಥಿಲೀನ್ ಬ್ಲೂ ಕೊಡಬೇಡಿ, ಹಿಡಿದಿಟ್ಟ ಸಯನೈಡ್ ಮತ್ತೆ ಬಿಡುಗಡೆಯಾಗಬಹುದು. ದೊಡ್ಡ ಆಸ್ಪತ್ರೆಯವರನ್ನು ಫೋನಿನಲ್ಲಿ ಕೇಳಿ ಮುಂದುವರಿಯಿರಿ.

ಸುಧಾರಿಸಿದವರು ಮತ್ತೆ ಮಂಕಾದರೆ ವಿಷ ಇನ್ನೂ ಬರುತ್ತಿದೆ ಅಂತ. ಆಹಾರದ ಕೇಸಿನಲ್ಲಿ ಇದು ಆಗುತ್ತದೆ. ಮೊದಲ ಡೋಸಿನ ಅರ್ಧ ಮತ್ತೆ ಕೊಡಿ.

ಹೈಡ್ರಾಕ್ಸೊಕೊಬಾಲಮಿನ್ ಪಡೆದು ವಾಪಸ್ ಊರಿಗೆ ಬಂದವರು ಕೆಂಪು ಮೂತ್ರ ನೋಡಿ ಗಾಬರಿಯಾಗುತ್ತಾರೆ. ಚರ್ಮ ಎರಡು ವಾರ, ಮೂತ್ರ ಐದು ವಾರದವರೆಗೂ ಕೆಂಪಿರಬಹುದು. ಕೊಡಗಿನವರಿಗೆ ಇದನ್ನು ತಿಳಿಸುವುದು ಸುಲಭ. ಕಕ್ಕಡ 18ರಂದು, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಉಂಡ ಮರುದಿನ ಮೂತ್ರ ಕೆಂಪಾಗುತ್ತದೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಹಾಗೇ ಅಂದುಕೊಳ್ಳಿ, ಬಣ್ಣ ಮಾತ್ರ, ರಕ್ತ ಅಲ್ಲ ಅಂದರೆ ಸಮಾಧಾನವಾಗುತ್ತದೆ. ಲ್ಯಾಬ್‌ನವರಿಗೂ ತಿಳಿಸಿ, ಬಣ್ಣ ನೋಡಿ ಅಳೆಯುವ ಪರೀಕ್ಷೆಗಳು ಆ ದಿನಗಳಲ್ಲಿ ತಪ್ಪು ಹೇಳುತ್ತವೆ.

ಮೇ ತಿಂಗಳ ಕೆಲಸ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಘಾಟಿ ದಾರಿಯೇ ಇಲ್ಲದಂತಾಯಿತು. ಸಯನೈಡ್ ರೋಗಿಗೆ ಎರಡೂವರೆ ಗಂಟೆಯ ದಾರಿ ಬಹಳ ದೂರ. ಪ್ರತಿವಿಷ ಹೋಗುತ್ತಿರುವಾಗಲೇ ಆಂಬುಲೆನ್ಸ್ ಹೊರಡಬೇಕು. ಪ್ರತಿವಿಷ ಅಲ್ಲಿ ಹೋಗಿ ಕೊಡಲಿ ಅನ್ನುವಂತಿಲ್ಲ.

ಹಾಗಾಗಿ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಕಪಾಟು ತೆರೆದು ಥಯೋಸಲ್ಫೇಟ್ ಇದೆಯಾ, ಒಬ್ಬರಿಗೆ ಪೂರ್ತಿ ಡೋಸ್ ಆಗುವಷ್ಟಾದರೂ ಇದೆಯಾ, ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡಿ. ನಿಮ್ಮಲ್ಲಿಲ್ಲದಿದ್ದರೆ ಹತ್ತಿರದ ಡಯಾಲಿಸಿಸ್ ಘಟಕ, ಕ್ಯಾನ್ಸರ್ ಚಿಕಿತ್ಸೆಯ ಆಸ್ಪತ್ರೆಯಲ್ಲಿ ವಿಚಾರಿಸಿ, ಅವರಲ್ಲಿ ಬೇರೆ ಕಾರಣಕ್ಕೆ ಇದನ್ನು ಇಡುವುದುಂಟು. ಪಶುವೈದ್ಯರಲ್ಲೂ ಕೇಳಿ. ಮರಗೆಣಸಿನ ಎಲೆ, ಎಳೆ ಜೋಳದ ಚಿಗುರು ಮೇಯ್ದ ಹಸುಗಳಿಗೆ ಅವರೂ ಇದನ್ನೇ ಕೊಡುತ್ತಾರೆ, ಎಲ್ಲಿ ಸಿಗುತ್ತದೆ ಅನ್ನುವ ದಾರಿ ಅವರಿಗೆ ಗೊತ್ತಿರಬಹುದು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಅದನ್ನು 108ರ ಕೆಳಗೆ ಗೋಡೆ ಮೇಲೆ ಬರೆಯಿರಿ. ಮಳೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಲ್ಯಾಂಡ್‌ಲೈನ್ ಇದ್ದರೆ ಅದು ಜೀವಂತ ಇದೆಯಾ ನೋಡಿ.

ಆರು ವಾರದ ನಂತರ

ಆ ಲೈನ್ ಮನೆಯವರಿಗೆ ಐದು ವೈಲ್ ಥಯೋಸಲ್ಫೇಟ್ ಹೋಯಿತು. ಅರ್ಧ ಗಂಟೆಯಲ್ಲಿ ಬಿಪಿ 100 ದಾಟಿತು, ಫಿಟ್ಸ್ ಮತ್ತೆ ಬರಲಿಲ್ಲ. ವೇನ್‌ನಿಂದ ಮತ್ತೆ ತೆಗೆದ ರಕ್ತ ಕಪ್ಪಾಗಿತ್ತು. ಕಪ್ಪು ರಕ್ತ ನೋಡಿ ಅಷ್ಟು ಖುಷಿಯಾದದ್ದು ಅದೇ ಮೊದಲು. ಮೈಸೂರಿಗೆ ಕಳಿಸಿದೆವು, ಎಂಟನೇ ದಿನ ಊರಿಗೆ ಬಂದರು.

ಇಂಥವರನ್ನು ಗುಣವಾಯಿತು ಅಂತ ಬಿಟ್ಟುಬಿಡಬೇಡಿ. ಜೋರಾಗಿ ವಿಷ ಏರಿದವರಲ್ಲಿ ಕೆಲವರಿಗೆ ವಾರಗಳ ನಂತರ ಪಾರ್ಕಿನ್ಸನ್ ಥರದ ತೊಂದರೆ ಶುರುವಾಗುತ್ತದೆ. ಕೈ ನಡುಕ, ನಡಿಗೆ ನಿಧಾನ, ಮುಖದಲ್ಲಿ ಭಾವ ಕಡಿಮೆ, ಮಾತು ಮೆಲ್ಲಗೆ. ಮಿದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾಕ್ಕೆ ಪೆಟ್ಟು ಬಿದ್ದಿರುತ್ತದೆ. ಮನೆಯವರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಡಿಸ್ಚಾರ್ಜ್ ದಿನವೇ ಹೆಂಡತಿಯನ್ನೋ ಮಗನನ್ನೋ ಕೂರಿಸಿ ಇದನ್ನು ಹೇಳಿ, ಎರಡು ವಾರಕ್ಕೆ ಮತ್ತು ಆರು ವಾರಕ್ಕೆ ಬರುವ ದಿನಾಂಕ ಚೀಟಿಯಲ್ಲಿ ಬರೆದು ಕೊಡಿ.

ಅವರು ಆರನೇ ವಾರಕ್ಕೆ ಬಂದರು, ಸಂತೆ ದಿನ, ಹೆಂಡತಿ ಜೊತೆಗೆ. ವರಾಂಡದ ಈ ತುದಿಯಿಂದ ಆ ತುದಿಗೆ ನಡೆಸಿದೆ. ಕೈ ಎರಡೂ ಬೀಸುತ್ತಿದ್ದವು, ತಿರುಗುವಾಗ ತಡವರಿಸಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಹಾಕಿಸಿದೆ. ಕಡೆಗೆ ಸಿಸ್ಟರ್ ಲೋಟದ ಅಂಚಿನವರೆಗೆ ಕಾಫಿ ತುಂಬಿ ಕೈಗೆ ಕೊಟ್ಟರು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಯಿವರೆಗೆ ಒಯ್ದರು. ಒಂದು ಹನಿ ಚೆಲ್ಲಲಿಲ್ಲ.